ತಿಪ್ಪೇಶ್ ಆರ್ಟ್ಸ್, ಬಲಮೂಲೆ

ಸಂಡೂರಿನಿಂದ ಹೊಸಪೇಟೆಗೆ ಅದಿರು ಹೊತ್ತು ಬರುವ ಲಾರಿಯ ಹಿಂದೆ ಒಮ್ಮೆ ಸಿಕ್ಕಿಹಾಕಿಕೊಂಡರೆ ಮುಗಿಯಿತು. ಮುಂದೆ ನುಗ್ಗಲು ಜಾಗವಿಲ್ಲ, ಹಿಂದೆ ಸರಿಯಲು ದಾರಿಯಿಲ್ಲ. ಕೆಂಪು ಧೂಳು ಕುಡಿಯುತ್ತ ಲಾರಿಯ ಹಿಂಬದಿ ಹಲಗೆ ಓದುವುದೊಂದೇ ಕೆಲಸ. ಹಾಗೆ ಓದಿದವರಿಗೆಲ್ಲ ತಿಪ್ಪೇಶ ಗೊತ್ತು, ಮುಖ ನೋಡಿರದಿದ್ದರೂ. ಮೇಲೆ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’, ಕೆಳಗೆ ‘ಹಾರ್ನ್ ಹೊಡಿ, ಹೊಟ್ಟೆ ಉರ್ಕೋಬ್ಯಾಡ’. ದುಂಡು ದುಂಡು ಅಕ್ಷರ. ಎಲ್ಲಿ ‘ರ’ ಒತ್ತು ಬಂದರೂ ಅದರ ಬಾಲ ಮೀಸೆ ತಿರುವಿದ ಹಾಗೆ ಮೇಲಕ್ಕೆ ಸುತ್ತಿಕೊಂಡಿರಬೇಕು. ಕೊನೆಗೆ ಬಲಮೂಲೆಯಲ್ಲಿ, ಹಲಗೆಯ ಅಂಚಿಗೆ ಸರಿಯಾಗಿ ತಾಗುವಂತೆ, ಸಣ್ಣದಾಗಿ ‘ತಿಪ್ಪೇಶ್ ಆರ್ಟ್ಸ್’. ಸಹಿ ಅಂಚಿಗೆ ತಾಗದಿದ್ದರೆ ಆ ಮನುಷ್ಯನಿಗೆ ಊಟ ಸೇರುತ್ತಿರಲಿಲ್ಲ.

ಆಮೇಲೆ ಊರಿಗೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು ಸಿದ್ಧ, ಅದರಲ್ಲಿ ಮಾಲೀಕನ ಫೋಟೊ, ಮಾಲೀಕನ ಮಗನ ಫೋಟೊ, ಇನ್ನೂ ಜಾಗ ಮಿಕ್ಕರೆ ಒಂದು ಗುಲಾಬಿ ಹೂವು. ಬಣ್ಣದ ಡಬ್ಬಿ ಹಿಡಿದವನನ್ನು ಯಾರು ಕೇಳಬೇಕು? ಹೊಸಪೇಟೆಯ ಬಸ್ ಸ್ಟ್ಯಾಂಡ್ ಹಿಂದಿದ್ದ ತಿಪ್ಪೇಶನ ಅಂಗಡಿ ಎರಡು ಸಾವಿರದ ಐದನೇ ಇಸವಿಯಲ್ಲಿ ಬಾಗಿಲು ಹಾಕಿತು. ನಲವತ್ತು ದಾಟಿದ ಮೇಲೆ ಅವನು ಸಂಡೂರು ರಸ್ತೆಯಲ್ಲಿದ್ದ ಜಡೆಪ್ಪ ಧಣಿಯ ಅದಿರು ಯಾರ್ಡಿಗೆ ಕೆಲಸಕ್ಕೆ ಸೇರಿದ. ಲಾರಿ ತೂಗುವ ವೇಬ್ರಿಡ್ಜಿನ ಪಕ್ಕ ಕೆಂಪು ಬಾವುಟ ಹಿಡಿದು, ಯಾವ ಲಾರಿ ಮೇಲೆ ಬರಬೇಕು, ಯಾವುದು ನಿಲ್ಲಬೇಕು ಎಂದು ನಂಬರು ಕೂಗುವ ಕೆಲಸ.

ಕೂಗಿದರೆ ಕೇಳುವವರು ಯಾರು? ಲೋಡರುಗಳ ಗದ್ದಲ, ಹಾರ್ನು, ಮೇಲೆ ಧೂಳು. ‘ನಿಲ್ರಿ’ ಎಂದರೆ ಬರುತ್ತಿದ್ದರು, ‘ಬರ್ರಿ’ ಎಂದರೆ ಬೀಡಿ ಹಚ್ಚುತ್ತಿದ್ದರು. ಸಂಜೆ ಮನೆಗೆ ಹೋಗುವಷ್ಟರಲ್ಲಿ ತಿಪ್ಪೇಶನ ಗಂಟಲು ಕಟ್ಟಿರುತ್ತಿತ್ತು.

“ಛಲೋ ಆತು ಬಿಡ್ರಿ,” ಎಂದಳು ಹೆಂಡತಿ ಮರುಳಸಿದ್ದಮ್ಮ. “ನಮ್ಮನ್ಯಾಗ ಈಗ ನಾ ಒಬ್ಬಾಕಿನ ಮಾತಾಡ್ತೀನಿ.”

ನಗುತ್ತಿದ್ದ ಅವನೂ. ಆದರೆ ಒಳಗೆ ಒಂದು ನೋವಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ಅವನಿಗೆ ಮತ್ತೆ ಅಕ್ಷರ ಬರೆಯಬೇಕಿತ್ತು. ನಾಲ್ಕು ಜನ ನೋಡುವ ಕಡೆ ಬರೆದು, ಮೂಲೆಯಲ್ಲಿ ತನ್ನ ಹೆಸರು ಹಾಕಬೇಕಿತ್ತು. ಅದು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ.

ವೇಬ್ರಿಡ್ಜಿನ ಗಾಜಿನ ಕೋಣೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವಳು ಕಂಪ್ಲಿಯ ಹುಡುಗಿ ಸುನಿತಾ. ಡಿಪ್ಲೊಮಾ ಓದಿದವಳು, ಮಾತು ಕಡಿಮೆ, ನಗು ಜಾಸ್ತಿ. ಯಾರ್ಡಿನ ಕಂಪ್ಯೂಟರಿನಲ್ಲಿ ಚಿತ್ರ ಗಿತ್ರ ಏನೂ ಇರಲಿಲ್ಲ. ಲಿನಕ್ಸ್, ಕಪ್ಪು ಪರದೆ, ಬರೀ ಅಕ್ಷರ. ಒಂದು ದಿನ ನೀರು ಕುಡಿಯಲು ಒಳಗೆ ಬಂದ ತಿಪ್ಪೇಶ ನೋಡುತ್ತಾನೆ, ಅವಳ ಪರದೆಯ ನಟ್ಟ ನಡುವೆ ಒಂದು ಸಾಲು ಮಾತ್ರ ದಪ್ಪಗೆ ಹೊಳೆಯುತ್ತಿದೆ.

“ಇದನ್ನ ಅಲ್ಲೇ ಹೆಂಗ ಬರದಿ ತಂಗಿ?”

“ಸ್ಕ್ರಿಪ್ಟ್ ಅಣ್ಣ. ನಾವು ಒಂದರ ಕೆಳಗ ಒಂದು ಅಪ್ಪಣೆ ಬರದಿಟ್ರ, ಕಂಪ್ಯೂಟರ್ ಅದನ್ನ ಓದಿ ಮಾಡ್ತತಿ. ಎಷ್ಟನೇ ಸಾಲು, ಎಷ್ಟನೇ ಮನಿ ಅಂತ ಹೇಳಿದ್ರ ಅಲ್ಲಿಗೇ ಹೋಗಿ ಬರೀತತಿ.”

ಅಡ್ಡಕ್ಕೆ ಎಂಬತ್ತು ಮನೆ, ಉದ್ದಕ್ಕೆ ಇಪ್ಪತ್ತನಾಲ್ಕು ಸಾಲು ಎಂದು ಕೇಳಿದ್ದೇ ತಡ, ತಿಪ್ಪೇಶನ ಕಣ್ಣು ಅಗಲವಾದವು. ಬೋರ್ಡು ಬರೆಯುವ ಮೊದಲು ಅವನೂ ಸೀಮೆಸುಣ್ಣದ ದಾರ ಹೊಡೆದು ಮನೆ ಮಾಡಿಕೊಳ್ಳುತ್ತಿದ್ದನಲ್ಲ! ಇಲ್ಲಿ ಯಾರೋ ಪುಣ್ಯಾತ್ಮ ಆಗಲೇ ಗೀಟು ಹೊಡೆದಿಟ್ಟಿದ್ದಾನೆ.

ಯಾವುದೋ ಆಫೀಸಿನವರು ಹರಾಜಿಗೆ ಹಾಕಿದ ಒಂದು ಹಳೇ ಟರ್ಮಿನಲ್ ಮೂಲೆಯಲ್ಲಿ ಬಿದ್ದಿತ್ತು. ಬರೀ ಪರದೆ ಮತ್ತು ಕೀಲಿಮಣೆ ಇರುವ ಡಬ್ಬಿ. ಅದಕ್ಕೆ ತಂತಿ ಜೋಡಿಸಿ, ಗಾಜಿಗೆ ಅಂಟಿಸಿದಂತೆ ಡ್ರೈವರುಗಳ ಕಡೆ ಮುಖ ಮಾಡಿಟ್ಟರೆ ಕೂಗುವ ಕೆಲಸವೇ ಇಲ್ಲ ಎಂದಳು ಸುನಿತಾ. ಜಡೆಪ್ಪ ಧಣಿ ಮೀಸೆ ಸವರಿಕೊಂಡು, “ನೋಡ್ರಿ ಹಂಗಾರ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಒಪ್ಪಿಗೆ.

ತಿಪ್ಪೇಶನ ಕಲಿಕೆ ಸುಲಭಕ್ಕೆ ಸಾಗಲಿಲ್ಲ. ಸುನಿತಾಳ ಪರದೆಯಲ್ಲಿ ಕೆಂಪು ಹಳದಿ ಬಳಿದು ಮೆರೆದವನು, ಅದೇ ಸ್ಕ್ರಿಪ್ಟನ್ನು ಹಳೇ ಡಬ್ಬಿಯ ಮೇಲೆ ಓಡಿಸಿದರೆ ಬಣ್ಣದ ಬದಲು ಕಂಸ, ಅಂಕಿ, ಕಸ ಕಡ್ಡಿ ಎಲ್ಲ ಉದುರಿತು.

“ಬಣ್ಣದ ಗುಟ್ಟಿನ ಅಂಕಿ ನೇರ ಬರದ್ರ ಹಿಂಗ ಆಗ್ತತಿ ಅಣ್ಣ,” ಎಂದಳು ಸುನಿತಾ. “ಟಿಪುಟ್ ಅಂತ ಒಂದು ಅಪ್ಪಣೆ ಐತಿ. ಅದರ ಕೈಲೆ ಹೇಳಿಸ್ರಿ. ಅದು ಮೊದಲು ಈ ಪರದೆ ಯಾವ ಜಾತೀದು, ಇದಕ್ಕ ಏನೇನ್ ಬರ್ತತಿ ಅಂತ ನೋಡಿಕೊಂಡು, ಅದಕ್ಕ ತಿಳಿಯೋ ಹಂಗ ಹೇಳ್ತತಿ.”

“ಗ್ವಾಡಿ ಮುಟ್ಟಿ ನೋಡಿ ಬಣ್ಣ ಕಲಸು ಅಂದಂಗ.”

“ಹಂಗ ಅನ್ಕೋರಿ.”

ಎಷ್ಟು ಬಣ್ಣ ಗೊತ್ತು ಎಂದು ಟಿಪುಟ್ ಕೈಯಲ್ಲಿ ಕೇಳಿಸಿದರೆ, ಪಾಪ, ಆ ಡಬ್ಬಿಗೆ ಬಣ್ಣವೇ ಗೊತ್ತಿರಲಿಲ್ಲ. ಇದ್ದದ್ದು ಒಂದೇ ಹಸಿರು. ಆದರೆ ದಪ್ಪ ಮಾಡಲು ಬರುತ್ತಿತ್ತು, ಮಿಣುಕಿಸಲು ಬರುತ್ತಿತ್ತು, ತಿರುವು ಮಾಡಲು ಬರುತ್ತಿತ್ತು. ತಿರುವು ಎಂದರೆ ಮನೆಯೆಲ್ಲ ಹಸಿರು ತುಂಬಿ ಅಕ್ಷರ ಕಪ್ಪಾಗುವುದು. ಅಕ್ಷರವೇ ಇಲ್ಲದ ಖಾಲಿ ಮನೆಯನ್ನು ತಿರುವಿದರೆ? ಒಂದು ಹಸಿರು ಇಟ್ಟಿಗೆ! ತಿಪ್ಪೇಶನಿಗೆ ಅಷ್ಟು ಸಾಕಾಯಿತು. ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ ಎಂದು ಸುನಿತಾ ಮೊದಲೇ ಹೇಳಿದ್ದಳು. ಕನ್ನಡ ಬರದಿದ್ದರೆ ಬೇಡ, ಇಟ್ಟಿಗೆ ಬರುತ್ತದಲ್ಲ. ಮನೆ ಮನೆ ಎಣಿಸಿ, ಇಟ್ಟಿಗೆ ಜೋಡಿಸಿ, ಪರದೆಯ ಮೇಲರ್ಧದಲ್ಲಿ ‘ಬರ್ರಿ’, ಕೆಳಗಿನ ಅರ್ಧದಲ್ಲಿ ‘ನಿಲ್ರಿ’ ಎಂದು ಕಟ್ಟಿದ. ಎರಡರ ಬಲಕ್ಕೂ ಲಾರಿ ನಂಬರಿಗೆ ಜಾಗ ಬಿಟ್ಟ. ಎರಡು ಮಾತಿನಲ್ಲೂ ‘ರ’ ಒತ್ತು ಇದೆ ನೋಡಿ. ಚೌಕ ಚೌಕ ಇಟ್ಟಿಗೆಯಲ್ಲೇ ಅದರ ಬಾಲಕ್ಕೆ ಮೀಸೆ ತಿರುವಿದ.

ಮೊದಲ ದಿನ ತಿರುವನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಿದ್ದ. ಬಂದು ನೋಡಿದರೆ ಪರದೆಯಲ್ಲಿ ಏನು ಬರೆದರೂ ಹಸಿರಿನ ಮೇಲೆ ಕಪ್ಪು.

“ಕೆಲಸ ಆದಮ್ಯಾಲ ಎಲ್ಲಾ ಮೊದಲಿನಂಗ ಮಾಡು ಅಂತ ಟಿಪುಟ್‌ಗೆ ಹೇಳಬೇಕಣ್ಣ.”

“ಬ್ರಶ್ ತೊಳೀಲಿಲ್ಲ ನಾ,” ಎಂದು ತಿಪ್ಪೇಶ ಹಣೆ ಹಣೆ ಬಡಿದುಕೊಂಡ. ಮತ್ತೆಂದೂ ಆ ತಪ್ಪು ಮಾಡಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಮರುಳಸಿದ್ದಮ್ಮ ರೊಟ್ಟಿ ತಟ್ಟುತ್ತಲೇ ಕೇಳಿದಳು, “ಕರೆಂಟ್ ಹೋದ್ರ ಹೋಗ್ತತಲ್ರಿ, ಅದೆಂಥಾ ಪೇಂಟಿಂಗು?”

“ನಾ ಬರದ ಲಾರಿ ಎಷ್ಟು ಗುಜರಿಗೆ ಹೋಗ್ಯಾವ. ಉಳಿಯೋದು ಯಾವುದೈತಿ? ಸಹಿ ಹಾಕೀನಿ ನೋಡು ಅದಕ್ಕೂ,” ಎಂದ ಅವನು.

ಹಾಕಿದ್ದ. ಅಷ್ಟು ಸಣ್ಣ ಜಾಗದಲ್ಲಿ ಇಟ್ಟಿಗೆಯ ಕನ್ನಡ ಹಿಡಿಸದೆ ಇಂಗ್ಲಿಷಿನಲ್ಲಿ, ಕೊನೆಯ ಸಾಲಿನಲ್ಲಿ, ಕೊನೆಯ ಅಕ್ಷರ ಬಲಮೂಲೆಯ ಕಟ್ಟಕಡೆಯ ಮನೆಯಲ್ಲಿ ಕೂರುವಂತೆ. ‘ಬರ್ರಿ’, ‘ನಿಲ್ರಿ’ ಬೆಳಿಗ್ಗೆ ಒಮ್ಮೆ ಬರೆದರೆ ಮುಗಿಯಿತು. ಯಾವ ಪೇಂಟರೂ ಬೋರ್ಡನ್ನು ಗಳಿಗೆಗೊಮ್ಮೆ ತಿರುಗಿ ಬರೆಯುವುದಿಲ್ಲ. ನಂಬರು ಮಾತ್ರ ಅಳಿಸಿ ಅಳಿಸಿ ಬರೆಯಬೇಕು. ಆದರೆ ಪ್ರತಿ ಸಲ ನಂಬರು ಬರೆದ ಮೇಲೂ ಅವನ ಸ್ಕ್ರಿಪ್ಟು ಮೂಲೆಗೆ ಹೋಗಿ ಸಹಿ ಹಾಕಿ ಬರುತ್ತಿತ್ತು. ಕೆಲಸ ಮುಗಿದ ಮೇಲೆ ಸಹಿ, ಅದು ಅವನ ಕಸುಬಿನ ನೇಮ. ಎರಡು ಲಾರಿ ಕರೆಸಿ ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿಯೇ ಇತ್ತು.

ಸೋಮವಾರ ಜಡೆಪ್ಪ ಧಣಿಯೇ ಡಬ್ಬಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ತಿಪ್ಪೇಶನ ಕೈಯಿಂದ ಬಾವುಟ ಇಸಿದುಕೊಂಡರು. “ಒಳಗ ಕುಂದ್ರು ಹೋಗಲೇ ತಿಪ್ಪ, ಇನ್ನ ನೀನು ಆಪರೇಟರು.”

ಒಳಗೆ ಸುನಿತಾ ತೂಕ ಬರೆದುಕೊಂಡಳು, ತಿಪ್ಪೇಶ ನಂಬರು ಒತ್ತಿದ. ಪರದೆಯ ಮುಖ ಹೊರಗಿತ್ತು, ಇವರಿಗೆ ಅದರ ಬೆನ್ನು ಮಾತ್ರ. ಒಂದರ ಹಿಂದೆ ಒಂದು ಲಾರಿ ಗದ್ದಲವಿಲ್ಲದೆ ಏರಿ ಇಳಿದವು. ತಿಪ್ಪೇಶನ ಎದೆ ಉಬ್ಬಿತು. ಒಂದು ಡಜನ್ ಲಾರಿ ಹೋಗಿರಬೇಕು, ಆಮೇಲೆ ಒಂದೂ ಬರಲಿಲ್ಲ. ನಂಬರು ಮತ್ತೆ ಒತ್ತಿದ. ಉಹುಂ. ಹೊರಗೆ ಅಷ್ಟೊಂದು ನಿಶ್ಶಬ್ದವನ್ನು ಆ ಯಾರ್ಡು ಕಂಡೇ ಇರಲಿಲ್ಲ.

ಹೊರಗೆ ಬಂದು ನೋಡಿದರೆ ಲಾರಿಗಳ ಸಾಲು ಗೇಟು ದಾಟಿ ಹೆದ್ದಾರಿಗೆ ಮುಟ್ಟಿದೆ. ಡ್ರೈವರುಗಳೆಲ್ಲ ಸ್ಟೀರಿಂಗ್ ಮೇಲೆ ಕೈಯಿಟ್ಟು ಶಾಲೆಯ ಮಕ್ಕಳಂತೆ ಕುಳಿತಿದ್ದಾರೆ. ಪರದೆಯಲ್ಲಿ ‘ಬರ್ರಿ’ ಮಾಯ! ಅದರ ಜಾಗಕ್ಕೆ ಕೆಳಗಿನ ‘ನಿಲ್ರಿ’ ಏರಿ ಬಂದು, ಬರಬೇಕಾದ ಲಾರಿಯ ನಂಬರಿನ ಪಕ್ಕ ಜಂಬದಿಂದ ಕೂತಿದೆ. ನಿಜ ಹೇಳಬೇಕೆಂದರೆ ತಿಪ್ಪೇಶನಿಗೆ ಮೊದಲು ಆದದ್ದು ನಾಚಿಕೆಯಲ್ಲ, ಖುಷಿ. ಬಾವುಟ ಬೀಸಿ ಬೀಸಿ ಕೈ ಬಿದ್ದುಹೋದರೂ ನಿಲ್ಲದ ಮಂದಿ ತನ್ನ ಅಕ್ಷರ ನೋಡಿ ನಿಂತಿದ್ದಾರಲ್ಲ!

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ರೈಲ್ವೆ ಸೈಡಿಂಗಿನಿಂದ ಮೇಲಿಂದ ಮೇಲೆ ಫೋನು, ಗೂಡ್ಸ್ ಗಾಡಿ ಖಾಲಿ ನಿಂತಿದೆ ಎಂದು. ಜಡೆಪ್ಪ ಧಣಿ ಬಾವುಟ ತಂದು ತಿಪ್ಪೇಶನ ಕೈಗೆ ತುರುಕಿದರು. “ಸಂಜಿ ಮಟ ಟೈಮ್ ಕೊಡ್ತೀನಿ. ಸರಿ ಆಗಲಿಲ್ಲಂದ್ರ ಆ ಡಬ್ಬಿ ಗುಜರಿಗೆ, ನೀ ಮತ್ತ ಹೊರಗ.”

“ಡಬ್ಬಿ ಹಳೇದ್ರಿ ಧಣಿ, ಅದಕ್ಕ...” ಎಂದು ತಿಪ್ಪೇಶ ಶುರು ಮಾಡಿದ.

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದು ಧಣಿ ಹೊರಟೇಬಿಟ್ಟರು.

ಮಧ್ಯಾಹ್ನವೆಲ್ಲ ತಿಪ್ಪೇಶ ಹೊರಗೆ ಕೂಗಿದ. ಲಾರಿ ಸಾಲು ಕರಗಿದ ಮೇಲೆ ಸುನಿತಾ ಪರದೆಯ ಎದುರು ಬಂದು ನಿಂತಳು. ಅವನನ್ನು ಒಳಗೆ ಕೂರಿಸಿ ಸುಳ್ಳು ನಂಬರು ಒತ್ತಿಸಿದಳು. ಒತ್ತಿದಾಗಲೆಲ್ಲ ಇಡೀ ಬೋರ್ಡು ಒಂದು ಸಾಲು ಮೇಲಕ್ಕೆ ಜರುಗುತ್ತಿತ್ತು. ಪರೀಕ್ಷೆಯ ದಿನ ಎರಡೇ ಸಾಲು ಜರುಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಸ್ಕ್ರಿಪ್ಟಿನ ಒಂದೊಂದೇ ತುಂಡು ತೆಗೆದು ನೋಡಿದಳು. ನಂಬರು ತೆಗೆದರೂ ಜರುಗಿತು. ಸಹಿ ತೆಗೆದಳು. ಅಕ್ಷರ ಬಂಡೆಯಂತೆ ನಿಂತವು. ಹೇಗೆ ಹೇಳುವುದೆಂದು ತಿಳಿಯದೆ ಹುಡುಗಿ ದುಪಟ್ಟಾ ತುದಿ ತಿರುಚಿದಳು.

“ಅಣ್ಣ, ನಿಮ್ಮ ಹೆಸರೇ ದೂಡಾಕತ್ತೈತಿ. ಕಟ್ಟಕಡೀ ಮನ್ಯಾಗ ಅಕ್ಷರ ಬಿದ್ದಕೂಡ್ಲೇ, ಇನ್ನ ಮುಂದ ಜಾಗ ಇಲ್ಲ ಅಂತ ಪರದೆ ಎಲ್ಲಾನೂ ಮ್ಯಾಲ ಸರಸ್ತತಿ. ಒಂದು ಮನಿ ಈಚೆ ಬರೀರಿ, ಸಾಕು.”

ಅಷ್ಟರಲ್ಲಿ ಬಾಗಿಲಲ್ಲಿ ಧಣಿ ನಿಂತಿದ್ದರು, ಎಲ್ಲ ಕೇಳಿಸಿಕೊಂಡು. “ಈಚೆನೂ ಬ್ಯಾಡ ಆಚೆನೂ ಬ್ಯಾಡ. ಯಾರ್ಡು ನಂದು, ಡಬ್ಬಿ ನಂದು. ಬೋರ್ಡು ಇರಲಿ, ಹೆಸರು ತಗೀರಿ.”

ತಿಪ್ಪೇಶ ತಾನೇ ಕೂತು ಆ ಸಾಲು ಅಳಿಸಿದ. ಬೋರ್ಡು ಉಳಿಯಿತು, ಒಳಗಿನ ಕುರ್ಚಿಯೂ ಉಳಿಯಿತು. ಆದರೂ ಅವನಿಗೆ ತುಂಬ ಸಂಕಟವಾಯಿತು. ಹೆಸರಿಲ್ಲದ ಬೋರ್ಡು ಬರೆದದ್ದು ಜನ್ಮದಲ್ಲಿ ಅದೇ ಮೊದಲು. ಆ ದಿನ ಊಟ ಸೇರಲಿಲ್ಲ. ಮರುಳಸಿದ್ದಮ್ಮ ರೊಟ್ಟಿ ಎತ್ತಿಟ್ಟು ಮಜ್ಜಿಗೆ ತಂದಿಟ್ಟಳು.

ಮಾರನೆಯ ಬೆಳಿಗ್ಗೆ ಲಾರಿಗಳು ಸರಾಗವಾಗಿ ಬಂದವು, ನಿಂತವು, ಹೋದವು. ಹತ್ತು ಗಂಟೆ ಸುಮಾರಿಗೆ ಒಬ್ಬ ಡ್ರೈವರು ತೂಕ ಮುಗಿದರೂ ಹೋಗದೆ, ಕೆಳಗಿಳಿದು ಬಂದು ಗಾಜು ತಟ್ಟಿದ. ದೋಣಿಮಲೈ ಕಡೆಯ ಸುಂಕಪ್ಪ, ಗಿರಿಜಾ ಮೀಸೆಯ ಆಸಾಮಿ, ಈ ಯಾರ್ಡಿಗೆ ಹೊಸಬ. ತಿಪ್ಪೇಶ ತಲೆ ಎತ್ತಲೇ ಇಲ್ಲ.

“ಏನ್ ತಂಗಿ, ಹೊಸಪ್ಯಾಟಿ ತಿಪ್ಪೇಶಣ್ಣ ಇಲ್ಲಿ ಕೆಲಸಕ್ಕ ಅದಾನೇನು?”

“ಯಾಕ್ರಿ?” ಎಂದಳು ಸುನಿತಾ, ಪಕ್ಕಕ್ಕೆ ನೋಡುತ್ತ.

“ಯಾಕ ಅಂದ್ರ? ಆ ‘ರ’ ಒತ್ತಿನ ಬಾಲ ನೋಡು, ಮ್ಯಾಲಕ್ಕ ತಿರುವ್ಯಾನ! ನನ್ನ ಗಾಡಿ ಹಿಂದ ಹುಲಿಗೆಮ್ಮನ ಹೆಸರಿಗೆ ಇದೇ ಬಾಲ ಐತಿ, ಅರ್ಧ ಅಳಿಸಿ ಹೋಗೇತಿ. ಫ್ಲೆಕ್ಸ್ ಅಂಟಿಸಿದ್ನಿ, ಒಂದು ವಾರಕ್ಕ ಧೂಳಿಗೆ ಕಿತ್ಗೊಂಡು ಹೋತು. ಅವನ್ನ ಹುಡಿಕಿ ಹುಡಿಕಿ ಸಾಕಾಗೇತಿ ನನಗ. ಅಂಗಡಿ ಮುಚ್ಯಾನಂತ, ಊರು ಬಿಟ್ಟಾನಂತ, ಒಬ್ಬೊಬ್ಬರು ಒಂದೊಂದು ಹೇಳ್ತಾರ.”

ತಿಪ್ಪೇಶ ಮೆಲ್ಲಗೆ ಎದ್ದು ನಿಂತ. “ನಾನ ನೋಡಪಾ ತಿಪ್ಪೇಶ,” ಎಂದು ಬಾಗಿಲು ತೆರೆದ.

ಭಾನುವಾರ ಯಾರ್ಡಿಗೆ ರಜೆ. ಗೇಟಿನ ಬೇವಿನ ಮರದ ಕೆಳಗೆ ಸುಂಕಪ್ಪನ ಲಾರಿ ನಿಲ್ಲಿಸಿ, ದಾರ ಹೊಡೆದು, ಹಳದಿಯಲ್ಲಿ ಹುಲಿಗೆಮ್ಮನ ಹೆಸರು ಬರೆದು, ‘ಶ್ರೀ’ಯ ಬಾಲಕ್ಕೆ ಜೋರಾಗಿ ಮೀಸೆ ತಿರುವಿದ ತಿಪ್ಪೇಶ. ಆಮೇಲೆ ಸಣ್ಣ ಬ್ರಶ್ ತೆಗೆದು ಬಲಮೂಲೆಗೆ ಹೋದ. ‘ತಿಪ್ಪೇಶ್ ಆರ್ಟ್ಸ್’. ಅಂಚಿಗೆ ಇನ್ನೂ ಒಂದು ಬೆರಳು ಜಾಗ ಇತ್ತು. ಅಲ್ಲಿಗೇ ನಿಲ್ಲಿಸಿ ಬ್ರಶ್ ತೊಳೆಯತೊಡಗಿದ.

“ಮೊದಲು ಅಂಚಿಗೆ ತಾಗಸ್ತಿದ್ದೆಲ್ಲೋ?” ಎಂದ ಸುಂಕಪ್ಪ. “ಒಂದು ಬೆರಳು ಹಂಗ ಬಿಟ್ಟೀ?”

“ತುದಿ ಮಟ ಹೋಗಬಾರ್ದಪಾ,” ಎಂದ ತಿಪ್ಪೇಶ, ಸೀಮೆಎಣ್ಣೆ ಡಬ್ಬಿಯಲ್ಲಿ ಬ್ರಶ್ ಅಲುಗಿಸುತ್ತ. “ಹೋದ್ರ ಮ್ಯಾಲಿರೋ ಹುಲಿಗೆಮ್ಮ ಹಲಗಿ ಬಿಟ್ಟು ಹೊಂಟುಬಿಡ್ತಾಳ.”