ಸೀರೆಯ ಮಡಿಕೆಯೊಳಗೊಂದು ಲಂಗ

ಹೊಸ ಸೀರೆ ಕೊಟ್ಟು ಕಾಲು ಗಂಟೆಯಾದರೂ ಆ ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು, ಒದ್ದೆ ಬಟ್ಟೆಯಲ್ಲೇ ನಡುಗುತ್ತಾ ಕೂತಿದ್ದರು. ಮರಳೂರಿನಲ್ಲಿ ಮನೆಗಳಿಗೆ ಮಳೆನೀರು ನುಗ್ಗಿದ ಬೆಳಿಗ್ಗೆ ಅದು. ಶಾಲೆಯಲ್ಲಿ ತೆರೆದಿದ್ದ ಪರಿಹಾರ ಕೇಂದ್ರದಲ್ಲಿ ಸ್ವಯಂಸೇವಕಿಯಾಗಿ ನನ್ನ ಮೊದಲ ದಿನ. ಬಣ್ಣ ಹಿಡಿಸಲಿಲ್ಲವೇನೋ ಎಂದು ಕೆಂಪಂಚಿನ ಇನ್ನೊಂದು ಸೀರೆ ತಂದೆ.

ಅಜ್ಜಿ ಸುತ್ತಲಿದ್ದ ಗಂಡಸರತ್ತ ನೋಡಿ, ನನ್ನನ್ನು ಹತ್ತಿರಕ್ಕೆಳೆದುಕೊಂಡು ಪಿಸುಗುಟ್ಟಿದರು: "ಬಣ್ಣ ಕಟ್ಕೊಂಡ್ ಏನ್ ಮಾಡ್ಲವ್ವ? ಒಳಗಿನ ಲಂಗಾನೂ ನೆಂದೋಗೈತೆ. ಲಂಗ ಇಲ್ದೆ ಸೀರೆ ಎಲ್ಲಿಗ್ ಸಿಕ್ಕಿಸ್ಲಿ, ನಿನ್ ಮೂಗಿಗಾ?"

ಸೀರೆಗಳು ರಾಶಿ ಬಂದಿದ್ದವು, ಲಂಗ ಒಂದೂ ಇರಲಿಲ್ಲ. ದಿನಾ ಸೀರೆ ಉಡುವ ನನಗೇ ಅದು ಹೊಳೆದಿರಲಿಲ್ಲ. ನೀರು ನುಗ್ಗದೆ ಉಳಿದಿದ್ದ ಪಕ್ಕದ ಬೀದಿಯ ನಮ್ಮ ಮನೆಗೆ ಓಡಿ, ಬೀರುವಿನಲ್ಲಿದ್ದ ಲಂಗಗಳನ್ನೆಲ್ಲ ಚೀಲಕ್ಕೆ ತುಂಬಿ ತಂದೆ. ಖಾಲಿ ತರಗತಿಯ ಬಾಗಿಲು ಹಾಕಿಕೊಂಡು, ಚಳಿಗೆ ಬೆರಳು ಮರಗಟ್ಟಿದ್ದ ಅಜ್ಜಿಗೆ ನಾನೇ ಲಾಡಿ ಕಟ್ಟಿದೆ. ಒಣ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ, "ಈಗ ಒಂದ್ ಲೋಟ ಕಾಫಿ ಕೊಡು, ಕುಡಿತೀನಿ" ಎಂದರು.

ಆಮೇಲೆ ಗುಬ್ಬಿ ಕಡೆಯ ನೆರೆಪೀಡಿತ ಊರುಗಳಿಗೆ ನಮ್ಮ ತಂಡ ಕಳಿಸಿದ ಪ್ರತಿ ಸೀರೆಯ ಮಡಿಕೆಯಲ್ಲೂ ಒಂದು ಲಂಗವಿತ್ತು. ಲಾಡಿ ಪೋಣಿಸುವಾಗಲೆಲ್ಲ ನನ್ನ ಕೈ ತಾನಾಗಿ ಮೂಗು ಮುಟ್ಟಿಕೊಳ್ಳುತ್ತದೆ. ಕೆಲಸ ಕಲಿಸಿದ ಆ ಅಜ್ಜಿಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕುತ್ತೇನೆ.