ಪೈಪಿನೊಳಗೆ ಕ್ಯಾಮೆರಾ ಬಿಟ್ಟವರು

ಚೆನ್ನೈನ ಟಿ. ನಗರದ ನಮ್ಮ ಹಳೆಯ ಮನೆಯಲ್ಲಿ ಅಡುಗೆಮನೆಯ ಪೈಪು ಆ ವರ್ಷ ಮೂರನೆಯ ಸಲ ಕಟ್ಟಿಕೊಂಡಾಗ, ಕ್ಯಾಮೆರಾ ಬಿಟ್ಟು ನೋಡುವವರೊಬ್ಬರನ್ನು ಕರೆಸಿದೆವು. ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟಿದ್ದರು. ಕೇಬಲ್ಲಿನ ತುದಿಯಲ್ಲಿದ್ದ ಪುಟ್ಟ ಕ್ಯಾಮೆರಾವನ್ನು ಕನ್ನಡಕ ಒರೆಸುವ ಹಾಗೆ ಮೆತ್ತಗೆ ಒರೆಸಿದರು. ಏನು ಕೇಳಿದರೂ "ಪಾತ್ತುಟ್ಟು ಸೊಲ್ರೇಮ್ಮಾ" ಎನ್ನುತ್ತಿದ್ದರು. ನೋಡಿಬಿಟ್ಟು ಹೇಳ್ತೀನಮ್ಮ, ಅಂತ.

ನಮ್ಮತ್ತೆಗೆ ನೋಡುವುದೇನೂ ಉಳಿದಿರಲಿಲ್ಲ. "ಪಾತ್ರೇಲಿ ಉಳಿದ ಅನ್ನಾನೆಲ್ಲ ಇವಳೇ ಸಿಂಕಿಗೆ ಸುರಿಯೋದು. ನಾಳೆಯಿಂದ ಬರಬೇಡ ಅಂದ್ಬಿಟ್ಟಿದೀನಿ," ಎಂದರು. ಪಾತ್ರೆ ತೊಳೆಯುವ ಸೆಲ್ವಿ ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

"ಪಾತ್ತುಟ್ಟು ಸೊಲ್ರೇಮ್ಮಾ," ಎಂದು ಅವರು ಕೇಬಲ್ ಇಳಿಸಿದರು. ಸ್ವಲ್ಪ ಹೊತ್ತಿನ ಮೇಲೆ, ಸೂಟ್‌ಕೇಸಿನಂಥ ಪೆಟ್ಟಿಗೆಯೊಳಗಿನ ಸಣ್ಣ ಟಿವಿಯನ್ನು ಅತ್ತೆಯ ಕಡೆಗಲ್ಲ, ಸೆಲ್ವಿಯ ಕಡೆಗೆ ತಿರುಗಿಸಿದರು. ಪೈಪಿನ ತುಂಬ ಕಪ್ಪು ಕೆಸರು. ಕೇಬಲ್ ಹೊರಗೆಳೆದು ಮೂಸಿ, "ಅನ್ನದ ಒಂದು ಅಗುಳೂ ಇಲ್ಲಮ್ಮಾ. ಫಿಲ್ಟರ್ ಕಾಫಿಪುಡಿ," ಎಂದು ತಮಿಳಿನಲ್ಲಿ ಹೇಳಿದರು.

ದಿನಾ ಬೆಳಿಗ್ಗೆ ಫಿಲ್ಟರಿನ ಗಸಿಯನ್ನು ಸಿಂಕಿಗೆ ಸುರಿಯುತ್ತಿದ್ದವಳು ನಾನು. ಅದರಿಂದ ಪೈಪಿನ ವಾಸನೆ ಹೋಗುತ್ತದೆಂದು ನಂಬಿದ್ದೆ.

"ನಾನೇ ಅತ್ತೆ, ಸುರಿದದ್ದು," ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸರಿ, ಈಗ ನಿನ್ನನ್ನ ಎಲ್ಲಿಗೆ ಕಳಿಸ್ಲಿ?"

ಸೆಲ್ವಿ ಸೆರಗಿನೊಳಗೇ ನಕ್ಕಳು.

"ನಗು ಸಾಕು ಕಣೇ. ಪಾತ್ರೆಯೆಲ್ಲ ಹಾಗೇ ಬಿದ್ದಿದೆ, ಹಿತ್ತಿಲ ನಲ್ಲೀಲಿ ತೊಳೆದ್ಬಿಡು."

ಕ್ಯಾಮೆರಾದವರು ಮಾತ್ರ ನಗಲಿಲ್ಲ. ಸೆಲ್ವಿ ಪಾತ್ರೆ ಎತ್ತಿಕೊಳ್ಳಲು ಒಳಗೆ ಬರಲೆಂದು ಕೇಬಲನ್ನು ಪಕ್ಕಕ್ಕೆಳೆದುಕೊಂಡು ದಾರಿ ಬಿಟ್ಟರು.