ಮೂರು ಪೇಟ, ಎರಡು ತಲೆ

ಹಿಡಿದದ್ದನ್ನು ಬಿಡುವುದು ಕೆಂಪಯ್ಯನಿಗೆ ಗೊತ್ತಿರಲಿಲ್ಲ. ಮೀಸೆ ಮೂಡುವ ಮುಂಚೆಯೇ ಹಳ್ಳಿಯಿಂದ ಮೈಸೂರಿಗೆ ಬಂದು, ಅಗ್ರಹಾರದ ಸಂದಿಯೊಂದರ ಗರಡಿಮನೆ ಸೇರಿದವನು. ಹಗಲು ಸಾಮಿಲ್ಲಿನಲ್ಲಿ ಮರ ಹೊತ್ತ, ಸಂಜೆ ಕುಸ್ತಿಯಾಡುವ ಕೆಂಪು ಮಣ್ಣಿನ ಮಟ್ಟಿಯಲ್ಲಿ ಬಿದ್ದು ಎದ್ದ. ದಸರಾ ಕುಸ್ತಿಯಲ್ಲಿ ಒಮ್ಮೆ ಬೆಳ್ಳಿ ಗದೆ ಹೆಗಲಿಗೇರಿಸಿದ. ಆಮೇಲೆ ರಿಟೈರಾಗುವ ತನಕ ಸಿಟಿ ಬಸ್ಸಿನ ಸ್ಟೀರಿಂಗ್ ಹಿಡಿದ. ಎಂಥ ಜಟ್ಟಿ ಬಂದರೂ ಒಂದು ಕೈ ನೋಡುತ್ತಿದ್ದವನು, ಕೊನೆಗೆ ಮೈಯಿಲ್ಲದ ಎದುರಾಳಿಗೆ ಸಿಕ್ಕಿಬಿದ್ದ.

ಕುಸ್ತಿ ಕಲಿಯುವವರು ಕಡಿಮೆಯಾದಾಗ ಅವನ ಗುರು ಉಸ್ತಾದ್ ಮಂಟಯ್ಯನವರು ಆ ಗರಡಿಯನ್ನೇ ಮ್ಯೂಸಿಯಂ ಮಾಡಿದ್ದರು. ಗದೆಗಳು, ಕಲ್ಲುಗುಂಡುಗಳು, ಹಳೆಯ ಪೈಲ್ವಾನರ ಫೋಟೊಗಳು, ನಡುವೆ ಮಟ್ಟಿ. ಅದಕ್ಕೊಂದು ಟ್ರಸ್ಟು, ಉಸ್ತಾದರು, ಕೆಂಪಯ್ಯ ಸೇರಿ ಐದು ಜನ ಟ್ರಸ್ಟಿಗಳು, ಐವರೂ ಅಲ್ಲೇ ಪಳಗಿದವರು. ಗೋಕುಲಂನಲ್ಲಿ ಯೋಗ ಕಲಿಯಲು ಬಂದ ಬಿಳಿಯರು ಆಗಾಗ ಬಂದು ಗುಂಡು ಎತ್ತಲು ಹೋಗಿ, ಏದುಸಿರು ಬಿಟ್ಟು, ನಕ್ಕು, ಡಬ್ಬಿಗೆ ನೋಟು ಹಾಕಿ ಹೋಗುತ್ತಿದ್ದರು. ಸೂರಿನ ರಿಪೇರಿಗೆಂದೇ ದೊಡ್ಡ ಮನುಷ್ಯರೊಬ್ಬರು ಕೊಟ್ಟ ಹಣ ಬ್ಯಾಂಕಿನಲ್ಲಿತ್ತು.

ಆ ಗರಡಿಯಲ್ಲಿ ಒಂದು ಪದ್ಧತಿ. ಹಿರಿಯರು ಕೂತ ಜಾಗದಲ್ಲಿ ಇನ್ನೊಬ್ಬರು ಕೂರುವಂತಿಲ್ಲ, ಅವರು ಹೋದ ಮೇಲೂ. ಮಂಟಯ್ಯನವರು ತೀರಿಕೊಂಡಾಗ ಮೀಟಿಂಗಿನಲ್ಲಿ ಅವರ ಕುರ್ಚಿಯ ಮೇಲೆ ಅವರ ಪೇಟ ಇಟ್ಟು ಹೂ ಮುಡಿಸಿದರು. ಇನ್ನೊಬ್ಬರು ಹೋದರು, ಇನ್ನೊಂದು ಪೇಟ ಬಂತು. ಉಳಿದ ಮೂವರು ಆ ಪೇಟಗಳಿಗೂ ಕಾಫಿ ಲೋಟ ಇಟ್ಟು ಮೀಟಿಂಗ್ ಮಾಡುತ್ತಿದ್ದರು.

ಮಂಟಯ್ಯನವರ ಮಗಳು ಧರಣಿ, ಚಾಮರಾಜಪುರಂನ ಶಾಲೆಯೊಂದರಲ್ಲಿ ಪಿ.ಟಿ. ಟೀಚರು, ಒಂದು ದಿನ ಬಂದು ಕೇಳಿದಳು. "ಕೆಂಪಣ್ಣ, ನೀವೆಲ್ಲ ವಯಸ್ಸಾದೋರು. ಅಪ್ಪನ ಜಾಗಕ್ಕೆ ನನ್ನ ತಗೊಳ್ಳಿ, ಓಡಾಡೋಕೆ ಒಬ್ರು ಬೇಕಲ್ವಾ?"

ಕೆಂಪಯ್ಯನಿಗೆ ಮೈ ಉರಿದುಹೋಯಿತು. "ಏನಂದೆ? ನಿಮ್ಮಪ್ಪನ ಪೇಟ ಎತ್ತಿ ಮಡಗಿ ನೀನ್ ಕೂತ್ಕೊಂಡೀಯಾ? ಆ ಕುರ್ಚಿ ಒರೆಸೋಕ್ ಮುಂಚೆ ನಾನ್ ಕೈ ಮುಗೀತೀನಿ ಕಣವ್ವ! ನಡಿ ಆಚಿಕೆ!"

ಅವಳು ಹೋದಳು. ಸಂಕ್ರಾಂತಿ ಕಳೆದು, ಆ ಮೂವರಲ್ಲೊಬ್ಬ ಕುಮಾರಸ್ವಾಮಿ, ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮೂರನೆಯ ಪೇಟ ಬಂತು. ಉಳಿದದ್ದು ಕೆಂಪಯ್ಯ, ಮತ್ತೆ ಲಕ್ವ ಹೊಡೆದು ಮಲಗಿದ್ದ ಸಿದ್ದಲಿಂಗಸ್ವಾಮಿ.

ಬೇಸಿಗೆ ಬರುವಷ್ಟರಲ್ಲಿ ನಡುಮನೆಯ ತೊಲೆ ಬಾಗಿತು. ಗೆದ್ದಲು ತಿಂದಿತ್ತು. ಮಳೆಗೆ ಮುಂಚೆ ಬದಲಾಯಿಸದಿದ್ದರೆ ಸೂರು ಮಟ್ಟಿಯ ಮೇಲೆ ಕೂರುತ್ತದೆಂದು ಮರಗೆಲಸದವನು ಹೇಳಿಹೋದ. ಕೆಂಪಯ್ಯ ಬ್ಯಾಂಕಿಗೆ ಹೋದ. ಸಭೆಯ ನಿರ್ಣಯ ತನ್ನಿ ಎಂದರು. ನಿರ್ಣಯ ಬರೆಸಲು ಲಾಯರ್ ವಸಂತ್ ಹತ್ತಿರ ಹೋದ.

ವಸಂತ್ ಟ್ರಸ್ಟಿನ ಪತ್ರ ಓದಿ ಕನ್ನಡಕ ತೆಗೆದರು. "ಸಭೆ ಅಂದ್ರೆ ಕಡಿಮೆ ಅಂದ್ರೂ ಮೂರು ಜನ ಇರ್ಬೇಕು ಕಣ್ರೀ. ನೀವೆಷ್ಟು ಜನ ಇದ್ದೀರ?"

"ಐದು ಜನ ಸ್ವಾಮಿ."

"ಬದುಕಿರೋರು?"

ಕೆಂಪಯ್ಯ ಬೆರಳು ಮಡಚಿ ಎಣಿಸಿದ. ಆಮೇಲೆ, "ಎರಡು ತಲೆ. ಮೂರು ಪೇಟ," ಎಂದ.

"ಹೋದೋರ ಜಾಗಕ್ಕೆ ಬೇರೆಯೋರನ್ನ ಸೇರಿಸ್ಕೊಳ್ಳಿ ಅಂತ ಇದ್ರಲ್ಲೇ ಬರ್ದಿದೆಯಲ್ರೀ! ಯಾಕ್ ಸೇರಿಸ್ಕೊಳ್ಲಿಲ್ಲ?"

"ಉಸ್ತಾದ್ರು ಕೂತ ಜಾಗ್ದಲ್ಲಿ ಯಾರ್ ಕೂತಾರು ಸ್ವಾಮಿ?"

ವಸಂತ್ ನಗಲಿಲ್ಲ. ಕೋರ್ಟಿಗೆ ಹೋಗಬೇಕು, ವರ್ಷವಾದರೂ ಹಿಡಿಯುತ್ತದೆ ಎಂದರು. ಕೆಂಪಯ್ಯ ಮೇಜು ಗುದ್ದಿದ. "ಮಳೆ ಕೋರ್ಟಿಗ್ ಕಾಯ್ತದಾ? ಹಣ ನಮ್ದು, ಸೂರು ನಮ್ದು, ಇದ್ಯಾವ್ ಸೀಮೆ ನ್ಯಾಯ?" ಗುದ್ದಿದ ಕೈ ನೋವಾಯಿತು, ಅಷ್ಟೆ. ಯಾರನ್ನು ಎತ್ತಿ ಒಗೆಯುವುದು? ಬ್ಯಾಂಕಿನವರು ಕಾಫಿ ಕೊಟ್ಟಿದ್ದರು. ವಸಂತ್ ಫೀಸೂ ಕೇಳಲಿಲ್ಲ.

ಸಿದ್ದಲಿಂಗಸ್ವಾಮಿಯ ಮಂಚದ ಪಕ್ಕ ಕೂತು ಎಲ್ಲ ಹೇಳಿದ. ಅವನು ಸೊಟ್ಟ ಬಾಯಲ್ಲೇ ನಕ್ಕ. "ನನ್ ಪೇಟಾನೂ ಇಸ್ತ್ರಿ ಮಾಡ್ಸಿ ಮಡಗಿವ್ನಿ ಕಣ್ಲಾ. ನೀನೊಬ್ನೇ ಅದೆಷ್ಟ್ ಲೋಟ ಕಾಫಿ ಕುಡ್ದೀಯೋ."

"ಬಾಯ್ ಮುಚ್ಚಲಾ," ಎಂದ ಕೆಂಪಯ್ಯ.

ಕೊನೆಗೆ ಧರಣಿಯ ಶಾಲೆಯ ಗೇಟಿನ ಹತ್ತಿರ ಹೋಗಿ ನಿಂತ. "ಬಾ ಕಣವ್ವ, ಸೇರ್ಕೊ. ನಾನೇ ಕರೀತಾ ಇವ್ನಿ."

ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. "ನನ್ನ ಸೇರಿಸ್ಕೊಳ್ಳೋಕೂ ಮೂರು ಜನ ಬೇಕಲ್ಲ ಅಣ್ಣ. ಕುಮಾರಣ್ಣ ಇದ್ದಾಗ ಆಗ್ತಿತ್ತು."

ತೊಲೆಯ ರೇಟು ಕೇಳಿಯೇ ಕೆಂಪಯ್ಯನ ತಲೆ ತಿರುಗಿತ್ತು. ಅವನ ಪೆನ್ಷನ್ನಿಗೆ ನಿಲುಕಿದ್ದು ಒಂದು ನೀಲಿ ಟಾರ್ಪಾಲು. ಅದನ್ನೇ ಹೆಂಚಿನ ಮೇಲೆ ಹೊದಿಸಿ ಕಲ್ಲು ಹೇರಿದ. ಮೊದಲ ದೊಡ್ಡ ಮಳೆ ಗಾಳಿಯ ಜೊತೆ ಬಂತು, ಸಂಜೆ ಹೊತ್ತು. ಟಾರ್ಪಾಲು ಹಾರಿ ಪಕ್ಕದ ಮನೆಯ ತೆಂಗಿಗೆ ಸಿಕ್ಕಿಕೊಂಡಿತು. ಅರಿಶಿನ, ಎಣ್ಣೆ ಹಾಕಿ ತಲೆಮಾರುಗಟ್ಟಲೆ ಹದ ಮಾಡಿದ ಮಟ್ಟಿಯ ಮಣ್ಣು ರಾಗಿ ಅಂಬಲಿಯಂತೆ ಹರಿದು ಬಾಗಿಲು ದಾಟಿತು. ಕೆಂಪಯ್ಯ ಬೊಗಸೆಯಲ್ಲಿ ತಡೆಯಲು ಹೋದ. ಅದು ಬೆರಳ ಸಂದಿಯಿಂದ ಹೋಯಿತು.

ಧರಣಿ ನೆನೆದುಕೊಂಡೇ ಓಡಿಬಂದಳು. ಗದೆಗಳನ್ನು ಜಗಲಿಗೆ ಸಾಗಿಸಿದಳು. ಫೋಟೊಗಳು ಗೋಡೆಯ ಮೇಲೆ ಎತ್ತರದಲ್ಲಿದ್ದವು, ಕೈ ಎಟುಕದು. ತೊಲೆ ಲಟಲಟ ಎಂದಿತು. ಅವಳು ಸುತ್ತ ನೋಡಿ, ಹತ್ತಿರವಿದ್ದ ಕುರ್ಚಿಯ ಪೇಟ ತೆಗೆದು ಕೆಂಪಯ್ಯನ ಕೈಗಿತ್ತಳು. ಮಂಟಯ್ಯನವರ ಕುರ್ಚಿ. ಕೆಸರುಗಾಲಲ್ಲೇ ಅದರ ಮೇಲೆ ಹತ್ತಿ ನಿಂತಳು.

ಕುರ್ಚಿಯ ಒಂದು ಕಾಲು ಅಲ್ಲಾಡುತ್ತಿತ್ತು. ಕೆಂಪಯ್ಯ ಪೇಟವನ್ನು ಕಂಕುಳಲ್ಲಿ ಅವುಚಿಕೊಂಡು ನೀರಿನಲ್ಲಿ ಮಂಡಿಯೂರಿದ.

"ಹಿಡ್ಕೊಂಡಿದ್ದೀರಾ ಅಣ್ಣ?"

"ಹಿಡ್ಕಂಡಿವ್ನಿ. ಬೇಗ ಬೇಗ ಎತ್ಕೊ."